ನಿಲ್ಲಿಸುವ ಗುಂಡಿ ಕೆಟ್ಟಾಗ: ಟಿ ಕೋಶದ ಸಂಕೇತಗಳು ಮತ್ತು ಸೋರಿಯಾಸಿಸ್



ದ್ವಿತೀಯ ಪಿಯುಸಿ ಜೀವಶಾಸ್ತ್ರದ 'ಮಾನವನ ಆರೋಗ್ಯ ಮತ್ತು ರೋಗ' ಪಾಠದಲ್ಲಿ ಆಟೋಇಮ್ಯೂನ್ ಕಾಯಿಲೆಗೆ, ಅಂದರೆ ಸ್ವಯಂನಿರೋಧಕ ಕಾಯಿಲೆಗೆ, ಸಿಕ್ಕಿರುವ ಜಾಗ ಕೆಲವೇ ಸಾಲು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೋಶಗಳ ಮೇಲೆ ದಾಳಿ ಮಾಡುತ್ತದೆ, ರುಮಟಾಯ್ಡ್ ಸಂಧಿವಾತ ಅದಕ್ಕೊಂದು ಉದಾಹರಣೆ ಎಂದು ಹೇಳಿ ಪಾಠ ಮುಂದೆ ಹೋಗುತ್ತದೆ. ಈ ಸಾಲುಗಳನ್ನು ಓದಿಸಿದಾಗಲೆಲ್ಲ ತರಗತಿಯಲ್ಲಿ ನನಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. "ಇಮ್ಯೂನಿಟಿ ಕಡಿಮೆ ಆಗಿದ್ದಕ್ಕೆ ಹೀಗಾಗುತ್ತಾ ಮೇಡಂ?" ಎಂಬುದು ಒಂದು. "ಮೈಮೇಲೆ ಬಿಳಿ ಹೊಟ್ಟು ಏಳುತ್ತಲ್ಲ, ಅದೂ ಇದೇನಾ? ಅದು ಅಂಟುತ್ತಾ?" ಎಂಬುದು ಇನ್ನೊಂದು.

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಆಟೋಇಮ್ಯೂನ್ ಕಾಯಿಲೆಯಲ್ಲಿ ರೋಗನಿರೋಧಕ ಕೋಶಗಳ ಶಕ್ತಿ ಕುಂದಿರುವುದಿಲ್ಲ. ಅವುಗಳ ನಡುವೆ ಓಡಾಡುವ ಸಂಕೇತಗಳು ಕೆಟ್ಟಿರುತ್ತವೆ. 'ಶುರು ಮಾಡು' ಎನ್ನುವ ಸಂಕೇತ ಬೇಡದಿದ್ದಾಗ ಬರುತ್ತದೆ, ಇಲ್ಲವೇ 'ಸಾಕು, ನಿಲ್ಲಿಸು' ಎನ್ನುವ ಸಂಕೇತ ಬರುವುದೇ ಇಲ್ಲ. ಇದು ಅರ್ಥವಾದರೆ ಪರೀಕ್ಷೆಯ ಅಂಕಕ್ಕಿಂತ ಹೆಚ್ಚಿನ ಲಾಭವಿದೆ. ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದಾಗ ಯಾವ ಔಷಧಿ ಏಕೆ ಕೊಡುತ್ತಾರೆ, ಯಾವ ಮಾತನ್ನು ನಂಬಬಾರದು ಎಂಬುದು ತಿಳಿಯುತ್ತದೆ.

ಮೋಟಾರ್ ಶುರುವಾಗಲು ಎರಡು ಬೇಕು

ಟಿ ಲಿಂಫೋಸೈಟ್‌ಗೆ ಕಣ್ಣು, ಕಿವಿ ಇಲ್ಲ. ತನ್ನ ಹೊರಪೊರೆಯ ಮೇಲಿನ ಗ್ರಾಹಕ ಪ್ರೋಟೀನ್‌ಗಳಿಗೆ ಏನು ಬಂದು ಅಂಟಿತು ಎಂಬುದೊಂದೇ ಅದಕ್ಕೆ ತಲುಪುವ ಸುದ್ದಿ. ಆ ಸುದ್ದಿ ಪೊರೆಯಿಂದ ಒಳಗೆ ಸಾಗಿ ಕೋಶಕೇಂದ್ರದ ವಂಶವಾಹಿಗಳವರೆಗೆ ಮುಟ್ಟುವ ಕ್ರಿಯೆಯನ್ನೇ ಸಂಕೇತ ರವಾನೆ ಎನ್ನುತ್ತೇವೆ.

ನಮ್ಮ ಪಂಚನಹಳ್ಳಿ ಕಡೆಯ ಮಕ್ಕಳಿಗೆ ಬೋರ್‌ವೆಲ್ ಸ್ಟಾರ್ಟರ್ ಬಗ್ಗೆ ಹೇಳಿಕೊಡಬೇಕಾಗಿಲ್ಲ. ತ್ರೀ ಫೇಸ್ ಕರೆಂಟ್ ಬಂದ ಮಾತ್ರಕ್ಕೆ ಮೋಟಾರ್ ತಿರುಗುವುದಿಲ್ಲ, ಹಸಿರು ಗುಂಡಿ ಒತ್ತಬೇಕು. ಗುಂಡಿ ಒತ್ತಿದರೂ ಕರೆಂಟ್ ಇಲ್ಲದಿದ್ದರೆ ಪ್ರಯೋಜನವಿಲ್ಲ. ಎರಡೂ ಒಟ್ಟಿಗೆ ಇದ್ದಾಗಲೇ ತೆಂಗಿನ ತೋಟಕ್ಕೆ ನೀರು. ಟಿ ಕೋಶದ ವ್ಯವಸ್ಥೆಯೂ ಹೀಗೆಯೇ.

ಮೊದಲ ಸಂಕೇತ: ಡೆಂಡ್ರೈಟಿಕ್ ಕೋಶವೊಂದು ರೋಗಾಣುವನ್ನು ನುಂಗಿ, ಅದರ ಪ್ರೋಟೀನ್ ತುಣುಕನ್ನು ಎಂಎಚ್‌ಸಿ ಎಂಬ ತಟ್ಟೆಯ ಮೇಲಿಟ್ಟು ತೋರಿಸುತ್ತದೆ. ಆ ತುಣುಕಿಗೆ ಸರಿಹೊಂದುವ ಗ್ರಾಹಕವಿರುವ ಟಿ ಕೋಶ ಬಂದು ಅಂಟಿಕೊಳ್ಳುತ್ತದೆ.

ಎರಡನೆಯ ಸಂಕೇತ: ಅದೇ ಡೆಂಡ್ರೈಟಿಕ್ ಕೋಶದ ಮೇಲಿರುವ ಬಿ7 ಎಂಬ ಪ್ರೋಟೀನ್, ಟಿ ಕೋಶದ ಸಿಡಿ28 ಎಂಬ ಗ್ರಾಹಕವನ್ನು ಮುಟ್ಟುತ್ತದೆ. ಅಪಾಯದ ಸುಳಿವು ಸಿಕ್ಕಾಗಲೇ ಡೆಂಡ್ರೈಟಿಕ್ ಕೋಶದ ಮೇಲೆ ಬಿ7 ಹೆಚ್ಚುತ್ತದೆ. ಆದ್ದರಿಂದ ಈ ಸಂಕೇತಕ್ಕೆ 'ನೀನು ಗುರುತಿಸಿದ್ದು ನಿಜಕ್ಕೂ ಅಪಾಯ' ಎಂಬ ಅರ್ಥವಿದೆ.

ಎರಡೂ ಸಿಕ್ಕರೆ ಟಿ ಕೋಶ ಸಕ್ರಿಯವಾಗುತ್ತದೆ. ಮೊದಲನೆಯದು ಮಾತ್ರ ಸಿಕ್ಕರೆ ಅದು ಮಂಕಾಗಿ ಕುಳಿತುಬಿಡುತ್ತದೆ. ಈ ಸ್ಥಿತಿಗೆ ಅನರ್ಜಿ ಎಂದು ಹೆಸರು. ಇವೆರಡರ ಜೊತೆಗೆ ಸುತ್ತಲಿನ ಸೈಟೋಕೈನ್‌ಗಳು ಮೂರನೆಯ ಸಂಕೇತವಾಗಿ ಬಂದು, ಸಕ್ರಿಯವಾದ ಕೋಶ ಯಾವ ಬಗೆಯ ಕೆಲಸ ಮಾಡಬೇಕು ಎಂದು ತೀರ್ಮಾನಿಸುತ್ತವೆ.

ಒಳಗೆ ಏನಾಗುತ್ತದೆ ನೋಡಿ. ಗ್ರಾಹಕಕ್ಕೆ ತುಣುಕು ಅಂಟಿದ ಕೂಡಲೇ ಪೊರೆಯ ಒಳಬದಿಯಲ್ಲಿ ಎಲ್‌ಸಿಕೆ ಎಂಬ ಕಿಣ್ವ ಫಾಸ್ಫೇಟ್ ಗುಂಪುಗಳನ್ನು ಅಂಟಿಸಲು ತೊಡಗುತ್ತದೆ. ಅದರಿಂದ ಜ್ಯಾಪ್-70 ಎಂಬ ಇನ್ನೊಂದು ಕಿಣ್ವ ಚುರುಕಾಗುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಎನ್‌ಫ್ಯಾಟ್ ಎಂಬ ಪ್ರೋಟೀನ್‌ನಿಂದ ಫಾಸ್ಫೇಟ್ ತೆಗೆದು ಅದನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಇಂಟರ್‌ಲ್ಯೂಕಿನ್-2ರ ವಂಶವಾಹಿ ತೆರೆದುಕೊಂಡು ಟಿ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದ ಹಾಗೆ, ಸರಪಳಿಯಲ್ಲಿ ಯಾವ ಕೈ ತಪ್ಪಿದರೂ ಕೆಲಸ ನಿಲ್ಲುತ್ತದೆ. ಔಷಧಿ ತಯಾರಕರಿಗೆ ಇದೇ ಮುಖ್ಯ ಸುಳಿವು.

ನಮ್ಮೆಲ್ಲರೊಳಗೂ ಅಂಥ ಕೋಶಗಳಿವೆ

ಟಿ ಕೋಶಗಳು ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ ಎಂದು ಓದಿದ್ದೀರಿ. ಅಲ್ಲಿ ಅವುಗಳಿಗೊಂದು ಪರೀಕ್ಷೆಯಿದೆ. ದೇಹದ ಸ್ವಂತ ಪ್ರೋಟೀನ್‌ಗಳಿಗೆ ಬಿಗಿಯಾಗಿ ಅಂಟಿಕೊಳ್ಳುವ ಟಿ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ನಾಶವಾಗುತ್ತವೆ. ಆದರೆ ಈ ಜರಡಿಯಲ್ಲಿ ತೂತುಗಳಿವೆ. ಸ್ವಂತ ಕೋಶಗಳನ್ನು ಗುರುತಿಸಬಲ್ಲ ಕೆಲವು ಟಿ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ತಿರುಗಾಡುತ್ತಿರುತ್ತವೆ. ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ. ಹಾಗಾದರೆ ನಮಗೆಲ್ಲ ಕಾಯಿಲೆ ಏಕಿಲ್ಲ? ಅವುಗಳನ್ನು ತಡೆಹಿಡಿಯುವ ಬ್ರೇಕುಗಳು ಕೆಲಸ ಮಾಡುತ್ತಿವೆ, ಅದಕ್ಕೇ.

ಮೊದಲ ಬ್ರೇಕ್ ಸಿಟಿಎಲ್‌ಎ-4 ಎಂಬ ಗ್ರಾಹಕ. ಟಿ ಕೋಶ ಸಕ್ರಿಯವಾದ ಮೇಲೆ ಇದು ಪೊರೆಯ ಮೇಲೆ ಕಾಣಿಸಿಕೊಂಡು, ಸಿಡಿ28ಕ್ಕಿಂತ ಬಿಗಿಯಾಗಿ ಬಿ7ಗೆ ಅಂಟುತ್ತದೆ. ಎರಡನೆಯ ಸಂಕೇತ ಹೀಗೆ ಕಡಿದುಹೋಗುತ್ತದೆ. ಪಿಡಿ-1 ಎಂಬುದು ಇಂಥದೇ ಇನ್ನೊಂದು ಬ್ರೇಕ್. ಮೂರನೆಯದು ಒಂದು ಬಗೆಯ ಕೋಶವೇ ಆಗಿದೆ. ಅದರ ಹೆಸರು ನಿಯಂತ್ರಕ ಟಿ ಕೋಶ, ಚಿಕ್ಕದಾಗಿ ಟಿ-ರೆಗ್. ಇದರ ಕೆಲಸ ಬೇರೆ ಟಿ ಕೋಶಗಳನ್ನು ಸಮಾಧಾನಪಡಿಸುವುದು.

ಬ್ರೇಕ್ ಕೆಟ್ಟರೆ ಕಾಯಿಲೆ ಬರುತ್ತದೆ ಎನ್ನಲು ಪುರಾವೆ ಏನು? ಮೂರು ಕಡೆಯಿಂದ ಪುರಾವೆ ಸಿಕ್ಕಿದೆ.

ಒಂದು, ಇಲಿಗಳಿಂದ. ಸಿಟಿಎಲ್‌ಎ-4 ವಂಶವಾಹಿ ತೆಗೆದುಹಾಕಿದ ಇಲಿಮರಿಗಳು ಮೂರ್ನಾಲ್ಕು ವಾರಗಳಲ್ಲೇ ಸಾಯುತ್ತವೆ ಎಂದು 1995ರಲ್ಲಿ ತಿಳಿಯಿತು. ಅವುಗಳ ಟಿ ಕೋಶಗಳು ಮಿತಿಯಿಲ್ಲದೆ ಹೆಚ್ಚಿ ಸ್ವಂತ ಅಂಗಗಳಿಗೇ ನುಗ್ಗಿದ್ದವು. 2014ರಲ್ಲಿ, ಈ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವ ಮನುಷ್ಯರಲ್ಲೂ ಆಟೋಇಮ್ಯೂನ್ ತೊಂದರೆಗಳು ಕಂಡುಬಂದವು.

ಎರಡು, ಕ್ಯಾನ್ಸರ್ ಚಿಕಿತ್ಸೆಯಿಂದ. ಸಿಟಿಎಲ್‌ಎ-4 ಬ್ರೇಕನ್ನು ಬೇಕೆಂದೇ ಸಡಿಲಿಸಿದರೆ ಟಿ ಕೋಶಗಳು ಕ್ಯಾನ್ಸರ್ ಗಡ್ಡೆಯ ಮೇಲೆ ದಾಳಿ ಮಾಡುತ್ತವೆ ಎಂದು ಜೇಮ್ಸ್ ಆಲಿಸನ್ ತೋರಿಸಿದರು. ಪಿಡಿ-1 ಬಗ್ಗೆ ಜಪಾನಿನ ತಸುಕು ಹೊಂಜೊ ಕೆಲಸ ಮಾಡಿದರು. ಇಬ್ಬರಿಗೂ 2018ರ ನೊಬೆಲ್ ಬಂತು. ಈ ಔಷಧಿ ಪಡೆದ ಕೆಲವು ರೋಗಿಗಳಲ್ಲಿ ಕರುಳು, ಚರ್ಮ, ಥೈರಾಯ್ಡ್ ಗ್ರಂಥಿಗಳು ಊದಿಕೊಳ್ಳುತ್ತವೆ. ಬ್ರೇಕ್ ತೆಗೆದರೆ ಏನಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಮೂರು, ಟಿ-ರೆಗ್ ಕೋಶಗಳಿಂದ. ಇವನ್ನು 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಗುರುತಿಸಿದರು. ಈ ಕೋಶಗಳಿಗೆ ಅಗತ್ಯವಾದ ಫಾಕ್ಸ್‌ಪಿ3 ವಂಶವಾಹಿಯನ್ನು 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಪತ್ತೆ ಮಾಡಿದರು. ಆ ವಂಶವಾಹಿ ಕೆಟ್ಟ ಗಂಡುಮಕ್ಕಳಿಗೆ ಶೈಶವದಲ್ಲೇ ಮಧುಮೇಹ, ಕರುಳಿನ ಬೇನೆ, ಚರ್ಮದ ಉರಿಯೂತ ಒಟ್ಟಿಗೆ ಬರುತ್ತವೆ. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿತು. ನಮ್ಮ ರಾಜ್ಯದಲ್ಲೂ ಈ ವಿಷಯದ ಅಧ್ಯಯನ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಅಪೂರ್ವ ಸರಿನ್ ಅವರ ತಂಡ, ನಾಚ್ ಎಂಬ ಸಂಕೇತ ಟಿ-ರೆಗ್ ಕೋಶಗಳು ಸಾಯದೆ ಉಳಿಯಲು ಹೇಗೆ ನೆರವಾಗುತ್ತದೆ ಎಂದು 2012ರಲ್ಲಿ ಪ್ರಕಟಿಸಿತು.

ಸೋರಿಯಾಸಿಸ್: ತಾನೇ ತಿರುಗುವ ಚಕ್ರ

ಈಗ ಒಂದು ಕಾಯಿಲೆಯನ್ನು ಹತ್ತಿರದಿಂದ ನೋಡೋಣ. ಮೊಣಕೈ, ಮೊಣಕಾಲು, ತಲೆ, ಬೆನ್ನಿನ ಮೇಲೆ ಕೆಂಪು ದಪ್ಪ ಮಚ್ಚೆಗಳು, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು. ಕಪ್ಪು ಮೈಬಣ್ಣದವರಲ್ಲಿ ಮಚ್ಚೆ ಕೆಂಪಗೆ ಕಾಣದೆ ನೇರಳೆ ಅಥವಾ ಕಂದು ಬಣ್ಣದಲ್ಲಿ ಕಾಣಬಹುದು. ಊರಲ್ಲಿ ಇದನ್ನು ಹುಳುಕಡ್ಡಿ, ಕಜ್ಜಿ, ಇಸುಬು ಎಂದೆಲ್ಲ ಕರೆದುಬಿಡುತ್ತಾರೆ. ಹುಳುಕಡ್ಡಿ ಶಿಲೀಂಧ್ರದಿಂದ ಬರುತ್ತದೆ, ಅಂಟುತ್ತದೆ. ಕಜ್ಜಿ ಹುಳದಿಂದ ಬರುತ್ತದೆ, ಅದೂ ಅಂಟುತ್ತದೆ. ಸೋರಿಯಾಸಿಸ್ ಅಂಟುವುದಿಲ್ಲ. ಅಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಬಲ್ಲ ರೋಗಾಣುವೇ ಇಲ್ಲ.

ನಡೆಯುವುದು ಹೀಗೆ. ಅನುವಂಶೀಯವಾಗಿ ಒಲವಿರುವ ವ್ಯಕ್ತಿಗೆ ಒಂದು ಗಂಟಲು ಸೋಂಕೋ, ಗಾಯವೋ, ತೀವ್ರ ಮಾನಸಿಕ ಒತ್ತಡವೋ ಕಿಡಿಯಾಗುತ್ತದೆ. ಚರ್ಮದ ಡೆಂಡ್ರೈಟಿಕ್ ಕೋಶಗಳು ಇಂಟರ್‌ಲ್ಯೂಕಿನ್-23 ಎಂಬ ಸೈಟೋಕೈನ್ ಬಿಡುತ್ತವೆ. ಅದರಿಂದ ಟಿಎಚ್17 ಎಂಬ ಬಗೆಯ ಟಿ ಕೋಶಗಳು ಹೆಚ್ಚಿ ಇಂಟರ್‌ಲ್ಯೂಕಿನ್-17 ಸುರಿಸುತ್ತವೆ. ಈ ಸಂಕೇತ ತಲುಪಿದ ಚರ್ಮದ ಕೆರಟಿನೋಸೈಟ್ ಕೋಶಗಳು ಅವಸರದಲ್ಲಿ ವಿಭಜಿಸುತ್ತವೆ. ಸಾಮಾನ್ಯವಾಗಿ ಒಂದು ತಿಂಗಳಷ್ಟು ಹಿಡಿಯುವ ಮೇಲ್ಚರ್ಮದ ನವೀಕರಣ ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಬಲಿಯದ ಕೋಶಗಳು ಪದರ ಪದರವಾಗಿ ಮೇಲೆ ಬಂದು ಹೊಟ್ಟಾಗುತ್ತವೆ.

ಇಷ್ಟಕ್ಕೇ ನಿಂತಿದ್ದರೆ ವಾಸಿಯಾಗುತ್ತಿತ್ತು. ಆದರೆ ಕೆರಳಿದ ಕೆರಟಿನೋಸೈಟ್‌ಗಳು ತಾವೂ ರಾಸಾಯನಿಕ ಕರೆ ಕಳಿಸಿ ಇನ್ನಷ್ಟು ರೋಗನಿರೋಧಕ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಬಂದವು ಇನ್ನಷ್ಟು ಇಂಟರ್‌ಲ್ಯೂಕಿನ್-17 ಸುರಿಸುತ್ತವೆ. ಪರಿಣಾಮವೇ ಕಾರಣವಾಗುವ ಈ ಚಕ್ರ, ಕೆಂಪು ಗುಂಡಿ ಸಿಕ್ಕಿಕೊಂಡ ಸ್ಟಾರ್ಟರಿನಂತೆ. ತೊಟ್ಟಿ ತುಂಬಿ ಹರಿದರೂ ಮೋಟಾರ್ ನಿಲ್ಲುವುದಿಲ್ಲ. ಗಂಟಲು ಸೋಂಕು ಎಂದೋ ವಾಸಿಯಾಗಿರುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ.

ಬೆಂಗಳೂರಿನಲ್ಲಿ ತಯಾರಾದ ಒಂದು ಔಷಧಿ

ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆ, ಕ್ಯೂಬಾದ ಹವಾನಾ ನಗರದ ಆಣ್ವಿಕ ಪ್ರತಿರಕ್ಷಣಾ ಕೇಂದ್ರದೊಂದಿಗೆ ಸೇರಿ ಇಟೋಲಿಜುಮ್ಯಾಬ್ ಎಂಬ ಔಷಧಿಯನ್ನು ಅಭಿವೃದ್ಧಿಪಡಿಸಿತು. 2013ರಲ್ಲಿ ಅದು ಆಲ್ಜುಮ್ಯಾಬ್ ಎಂಬ ಹೆಸರಿನಲ್ಲಿ, ಮಧ್ಯಮದಿಂದ ತೀವ್ರ ಸೋರಿಯಾಸಿಸ್‌ಗೆ, ಭಾರತದ ಮಾರುಕಟ್ಟೆಗೆ ಬಂತು.

ಇದು ಪಾಠದಲ್ಲಿ ಓದಿದ ಎಚ್2 ಎಲ್2 ರಚನೆಯ ಪ್ರತಿಕಾಯವೇ. ಆದರೆ ಇದು ಹಿಡಿಯುವುದು ರೋಗಾಣುವನ್ನಲ್ಲ, ನಮ್ಮದೇ ಟಿ ಕೋಶದ ಮೇಲಿರುವ ಸಿಡಿ6 ಎಂಬ ಪ್ರೋಟೀನನ್ನು. ಸಿಡಿ6, ಎದುರಿನ ಕೋಶದ ಆಲ್‌ಕ್ಯಾಮ್ ಎಂಬ ಪ್ರೋಟೀನ್‌ಗೆ ಅಂಟಿ ಎರಡು ಕೋಶಗಳ ಹಿಡಿತವನ್ನು ಬಿಗಿ ಮಾಡುತ್ತದೆ, ಸಕ್ರಿಯಗೊಳ್ಳುವ ಸಂಕೇತಕ್ಕೆ ಬಲ ಕೊಡುತ್ತದೆ. ಔಷಧಿ ಸಿಡಿ6ಕ್ಕೆ ಅಂಟಿದಾಗ ಟಿ ಕೋಶ ಸಾಯುವುದಿಲ್ಲ, ಅದರ ಅಬ್ಬರ ಇಳಿಯುತ್ತದೆ. ವಿಭಜನೆ ತಗ್ಗುತ್ತದೆ, ಉರಿಯೂತದ ಸೈಟೋಕೈನ್‌ಗಳು ಕಡಿಮೆಯಾಗುತ್ತವೆ.

ಇದೇ ಔಷಧಿಯಿಂದ ಇನ್ನೊಂದು ಪಾಠವೂ ಇದೆ. 2020ರ ಜುಲೈನಲ್ಲಿ, ಕೋವಿಡ್ ರೋಗಿಗಳಲ್ಲಿ ಸೈಟೋಕೈನ್‌ಗಳು ಮಿತಿಮೀರುವ ಸ್ಥಿತಿಗೆ ಇದನ್ನು ತುರ್ತು ಸಂದರ್ಭದಲ್ಲಿ ನಿರ್ಬಂಧಿತವಾಗಿ ಬಳಸಲು ಭಾರತದ ಔಷಧ ನಿಯಂತ್ರಕರು ಅನುಮತಿಸಿದರು. ಆಧಾರವಾಗಿದ್ದ ಪ್ರಯೋಗದಲ್ಲಿ ಇದ್ದವರು ಸುಮಾರು 30 ರೋಗಿಗಳು. ಪುರಾವೆ ಸಾಲದೆಂದು ರಾಷ್ಟ್ರೀಯ ಕಾರ್ಯಪಡೆ ಇದನ್ನು ಚಿಕಿತ್ಸಾ ಕ್ರಮದಲ್ಲಿ ಸೇರಿಸಲಿಲ್ಲ. ಔಷಧಿ ಕೆಲಸ ಮಾಡುವ ಬಗೆ ತರ್ಕಬದ್ಧವಾಗಿದೆ ಎಂದ ಮಾತ್ರಕ್ಕೆ ಅದು ಎಲ್ಲ ಕಾಯಿಲೆಗೂ ನಾಟುತ್ತದೆ ಎನ್ನಲಾಗದು. ಎಷ್ಟು ಜನರ ಮೇಲೆ, ಯಾರೊಂದಿಗೆ ಹೋಲಿಸಿ ಪರೀಕ್ಷಿಸಿದರು ಎಂದು ಕೇಳುವುದು ವಿಜ್ಞಾನದ ವಿದ್ಯಾರ್ಥಿಯ ಅಭ್ಯಾಸವಾಗಬೇಕು.

ಸರಪಳಿಯ ಬೇರೆ ಬೇರೆ ಕೊಂಡಿಗಳು

ಮೇಲಿನ ಸರಪಳಿಯನ್ನು ನೆನಪಿಟ್ಟುಕೊಂಡರೆ ಉಳಿದ ಔಷಧಿಗಳೂ ಸುಲಭವಾಗಿ ಅರ್ಥವಾಗುತ್ತವೆ.

ಸೈಕ್ಲೋಸ್ಪೋರಿನ್ ಕ್ಯಾಲ್ಸಿನ್ಯೂರಿನ್ ಕೊಂಡಿಯನ್ನು ಕಡಿಯುತ್ತದೆ. ಸಂಧಿವಾತಕ್ಕೆ ಕೊಡುವ ಅಬಟಾಸೆಪ್ಟ್, ಸಿಟಿಎಲ್‌ಎ-4ನ್ನೇ ಅನುಕರಿಸಿ ಬಿ7ನ್ನು ಮುಚ್ಚಿಬಿಡುತ್ತದೆ, ಎರಡನೆಯ ಸಂಕೇತ ಸಿಗುವುದಿಲ್ಲ. ಟೋಫಾಸಿಟಿನಿಬ್ ಎಂಬ ಮಾತ್ರೆ ಸೈಟೋಕೈನ್ ಗ್ರಾಹಕದ ಒಳಬದಿಯಲ್ಲಿರುವ ಜಾಕ್ ಕಿಣ್ವವನ್ನು ತಡೆಯುತ್ತದೆ. ಟಿಎನ್‌ಎಫ್ ಎಂಬ ಸೈಟೋಕೈನನ್ನು ತಡೆದರೆ ಸಂಧಿವಾತ ಇಳಿಯುತ್ತದೆ ಎಂದು ಲಂಡನ್ನಿನಲ್ಲಿ ತೋರಿಸಿದವರು ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನ ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಇನ್ನು ಅಗ್ಗದ, ಹಳೆಯ, ಇಂದಿಗೂ ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಮುಖ್ಯ ಔಷಧಿಯಾದ ಮೆಥೋಟ್ರೆಕ್ಸೇಟ್ ಬಂದದ್ದು, ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಮುನ್ನಡೆಸಿದ ಸಂಶೋಧನೆಯಿಂದ.

ಸಂಕೇತ ಕಡಿಯುವುದಕ್ಕೆ ಬೆಲೆಯೂ ಇದೆ. ದೇಹದೊಳಗೆ ಅಡಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಗೋಡೆ ಕಟ್ಟಿ ಕೂಡಿಹಾಕಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಮಲಗಿದ್ದ ಕ್ಷಯ ಏಳಬಹುದು. ಅದಕ್ಕೇ ಇಂಥ ಔಷಧಿ ಕೊಡುವ ಮೊದಲು ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಆ ಪರೀಕ್ಷೆ ಬರೆದರೆ ಗಾಬರಿಯಾಗಬೇಡಿ, ತಪ್ಪಿಸಲೂ ಬೇಡಿ.

ನಮಗೆ ಇದರಿಂದ ಏನು?

ಒಂದು. 'ಇಮ್ಯೂನಿಟಿ ಹೆಚ್ಚಿಸುತ್ತದೆ' ಎಂಬ ಪುಡಿ, ಕಷಾಯ, ಡಬ್ಬಿಗಳು ಅಂಗಡಿ ತುಂಬ ಇವೆ. ಬ್ರೇಕ್ ಹಿಡಿಯದ ಗಾಡಿಗೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಸರಿಯಾಗುವುದಿಲ್ಲ. ಆಟೋಇಮ್ಯೂನ್ ಕಾಯಿಲೆ ಇರುವವರು ಅಂಥದ್ದನ್ನು ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬಾರದು.

ಎರಡು. ಸೋರಿಯಾಸಿಸ್ ಇರುವ ಸಹಪಾಠಿಯ ಪಕ್ಕ ಕೂರುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ವುಝೂ ಮಾಡುವ ನಲ್ಲಿ ಹಂಚಿಕೊಳ್ಳುವುದರಿಂದ, ನಮಾಜಿನ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದರಿಂದ ಯಾರಿಗೂ ಏನೂ ಆಗುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡದ, ದೀರ್ಘಕಾಲದ ಕಾಯಿಲೆ ಎಂದು 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ನಿರ್ಣಯದಲ್ಲಿ ಹೇಳಿದೆ. ನಾವು ಸಾಲಿನಲ್ಲಿ ಅರ್ಧ ಅಡಿ ದೂರ ಸರಿದು ನಿಂತರೆ, ಆ ಹುಡುಗ ಅಥವಾ ಹುಡುಗಿಗೆ ಮಚ್ಚೆಗಿಂತ ಹೆಚ್ಚು ನೋಯುವುದು ಅದು. ಮಾನಸಿಕ ಒತ್ತಡ ಕಾಯಿಲೆಯನ್ನು ಕೆರಳಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಮೂರು. ಹೆಸರು ಬರೆಯದ ಪೊಟ್ಟಣದ ಮಾತ್ರೆ, ಪುಡಿಗಳಿಂದ ದೂರವಿರಿ. ಅವುಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದರೆ ಮೊದಲು ಮಾಯದಂತೆ ಗುಣ ಕಾಣುತ್ತದೆ. ಥಟ್ಟನೆ ನಿಲ್ಲಿಸಿದಾಗ ಸೋರಿಯಾಸಿಸ್ ಮೊದಲಿಗಿಂತ ಭೀಕರವಾಗಿ, ಕೀವುಗುಳ್ಳೆಗಳಾಗಿ ಎದ್ದು ಬರಬಹುದು.

ನಾಲ್ಕು. ಈ ಕಾಯಿಲೆಗಳಿಗೆ ಮೆಥೋಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ. ದಿನಾ ಕೊಡುವ ಮಾತ್ರೆ ಎಂದು ತಪ್ಪು ತಿಳಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಮನೆಯಲ್ಲಿ ಓದು ಬರದ ಹಿರಿಯರು ಇದನ್ನು ತೆಗೆದುಕೊಳ್ಳುತ್ತಿದ್ದರೆ, ಚೀಟಿ ಓದಿ ಕ್ಯಾಲೆಂಡರಿನಲ್ಲಿ ಆ ವಾರವನ್ನು ಗುರುತು ಹಾಕಿಕೊಡುವುದು ನಿಮ್ಮ ಕೆಲಸ.

ಐದು. ರಂಜಾನಿನಲ್ಲಿ ಉಪವಾಸಕ್ಕಾಗಿ ಔಷಧಿಯನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಹಲವು ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರ್ ವೇಳೆಗೆ ಹೊಂದಿಸಲು ಆಗುತ್ತದೆ, ಆದರೆ ಅದನ್ನು ಮೊದಲೇ ವೈದ್ಯರೊಂದಿಗೆ ಮಾತಾಡಬೇಕು. ಟೈಪ್ 1 ಮಧುಮೇಹವೂ ಆಟೋಇಮ್ಯೂನ್ ಕಾಯಿಲೆಯೇ, ಅದರಲ್ಲಿ ಇನ್ಸುಲಿನ್ ನಿಲ್ಲಿಸುವಂತೆಯೇ ಇಲ್ಲ. ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇರುವುದು ನಿಮಗೆಲ್ಲ ತಿಳಿದದ್ದೇ.

ಆರು. ಬೆಳಗ್ಗೆ ಎದ್ದಾಗ ಎರಡೂ ಕೈಗಳ ಗೆಣ್ಣುಗಳು ಬಿಗಿದು, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸಡಿಲವಾಗದೆ, ವಾರಗಟ್ಟಲೆ ಊತ ಇದ್ದರೆ ಅದನ್ನು ವಾಯು ಎಂದು ತಳ್ಳಿಹಾಕಬೇಡಿ. ರೊಟ್ಟಿ ತಟ್ಟುವ, ಹಾಲು ಕರೆಯುವ ಕೈಗಳ ಕೀಲುಗಳು ಒಮ್ಮೆ ಸವೆದರೆ ಮರಳಿ ಬರುವುದಿಲ್ಲ. ಕಡೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಬರೆದುಕೊಟ್ಟರೆ ಚಿಕ್ಕಮಗಳೂರು, ಹಾಸನ, ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗಬಹುದು. ಬೇಗ ಶುರು ಮಾಡಿದ ಚಿಕಿತ್ಸೆ ಕೀಲನ್ನು ಉಳಿಸುತ್ತದೆ.

ಓದಿದ ಮೇಲೆ ಉತ್ತರಿಸಿ

1. ಟಿ ಕೋಶಕ್ಕೆ ಮೊದಲ ಸಂಕೇತ ಸಿಕ್ಕಿ ಎರಡನೆಯದು ಸಿಗದಿದ್ದರೆ ಏನಾಗುತ್ತದೆ? ಇದರಿಂದ ದೇಹಕ್ಕೆ ಏನು ಲಾಭ?
2. ಸಿಟಿಎಲ್‌ಎ-4ನ್ನು ತಡೆಯುವ ಔಷಧಿ ಕ್ಯಾನ್ಸರಿಗೆ, ಅದನ್ನು ಅನುಕರಿಸುವ ಔಷಧಿ ಸಂಧಿವಾತಕ್ಕೆ. ಕಾರಣ ವಿವರಿಸಿ.
3. ಗಂಟಲು ಸೋಂಕು ವಾಸಿಯಾದ ಮೇಲೂ ಸೋರಿಯಾಸಿಸ್ ಮುಂದುವರಿಯುವುದು ಏಕೆ? ಚಕ್ರದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.
4. ಟಿಎನ್‌ಎಫ್ ತಡೆಯುವ ಚಿಕಿತ್ಸೆಗೆ ಮೊದಲು ಕ್ಷಯದ ಪರೀಕ್ಷೆ ಏಕೆ ಬೇಕು?

ಮೂರನೆಯ ಪ್ರಶ್ನೆಯ ಚಿತ್ರ ಬರೆದು ತಂದವರಿಗೆ ಪ್ರಯೋಗಾಲಯದ ಅವಧಿಯಲ್ಲಿ ತಿದ್ದಿಕೊಡುತ್ತೇನೆ. ಚೆನ್ನಾಗಿರುವ ಒಂದನ್ನು ಸೂಚನಾ ಫಲಕಕ್ಕೆ ಹಾಕೋಣ, ಪಿಯುಸಿ ಮೊದಲ ವರ್ಷದವರೂ ನೋಡಲಿ.